ಎತ್ತರದ ಕಾಲಂನಲ್ಲಿ 5.5 ಎಂದು ಬರೆಯಬೇಡಿ

ಜೀವವಿಮೆಯ ಪ್ರೊಪೋಸಲ್ ಫಾರ್ಮಿನಲ್ಲಿ ಎತ್ತರ, ತೂಕಕ್ಕೆ ಇರುವುದು ಎರಡು ಸಣ್ಣ ಚೌಕ. ಮಂಗಳೂರು, ಉಡುಪಿ ಕಡೆಯಿಂದ ನಮ್ಮ ಮೇಜಿಗೆ ಬರುವ ಅರ್ಜಿಗಳು ಹೆಚ್ಚಾಗಿ ಎಡವುವುದು ಅಲ್ಲಿಯೇ. 5 ಅಡಿ 10 ಇಂಚು ಎತ್ತರದವರು ಅಭ್ಯಾಸಬಲದಿಂದ "5.10" ಎಂದು ಬರೆಯುತ್ತಾರೆ. ಅದನ್ನು ದಶಮಾಂಶ ಎಂದುಕೊಂಡು 30.48ರಿಂದ ಗುಣಿಸಿದರೆ 155.4 ಸೆಂ.ಮೀ. ಬರುತ್ತದೆ, ನಿಜವಾದ ಎತ್ತರ 177.8. ತೂಕ 80 ಕೆ.ಜಿ. ಇದ್ದರೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಹೊಂದುತ್ತದೆ ಎಂದು ಹೇಳುವ ಅಂಕ) 25.3 ಆಗಬೇಕಾದದ್ದು 33.1 ಆಗಿ ಕೂತುಕೊಳ್ಳುತ್ತದೆ. "5.5" ಎಂದು ಬರೆದರೆ ತಪ್ಪು ಇನ್ನೊಂದು ದಿಕ್ಕಿಗೆ: 165.1ರ ಬದಲು 167.6. ಅದು ಮೆಡಿಕಲ್‌ನ, ಅಂದರೆ ವಿಮೆಗಾಗಿ ಮಾಡುವ ಆರೋಗ್ಯ ತಪಾಸಣೆಯ ದಿನ ಬಯಲಾಗುತ್ತದೆ, ಮತ್ತೆ ಸ್ಪಷ್ಟನೆಯ ಪತ್ರ, ಮತ್ತೆ ಒಂದು ವಾರ. ಸೆಂಟಿಮೀಟರಿನಲ್ಲೇ ಬರೆಯಿರಿ.

ಬಿಎಂಐ ಲೆಕ್ಕ ಸರಳ: ಕೆ.ಜಿ.ಯನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಪಟ್ಟಿಯಲ್ಲಿ 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು. ನಮ್ಮವರಿಗೆ ಹೊಟ್ಟೆಯ ಸುತ್ತ ಕೊಬ್ಬು ಬೇಗ ಸೇರುವುದರಿಂದ ಭಾರತದ ವೈದ್ಯರು 23 ಮತ್ತು 25ನ್ನೇ ಗಡಿಯಾಗಿ ನೋಡುತ್ತಾರೆ. ಸೊಂಟದ ಸುತ್ತಳತೆಗೆ ಗಡಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ವಿಮಾ ಕಂಪನಿಯ ಕೋಷ್ಟಕ ಇವೆರಡೂ ಅಲ್ಲ. ಪ್ರತಿ ಕಂಪನಿಗೂ ವಯಸ್ಸಿಗೆ ತಕ್ಕ ತನ್ನದೇ ಕೋಷ್ಟಕ ಇರುತ್ತದೆ. ಆದ್ದರಿಂದ ಒಂದು ಕಡೆ ಹೆಚ್ಚುವರಿ ಪ್ರೀಮಿಯಂ ಕೇಳಿದ ತೂಕಕ್ಕೆ ಇನ್ನೊಂದು ಕಡೆ ಸಾಮಾನ್ಯ ದರವೇ ಸಿಗುವುದುಂಟು. ತೀರಾ ಕಡಿಮೆ ತೂಕಕ್ಕೂ ಪ್ರಶ್ನೆ ಬರುತ್ತದೆ.

ತೂಕ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕೃತವಾಗುವುದು ತೀರಾ ಹೆಚ್ಚಿನ ಬಿಎಂಐ ಇದ್ದಾಗ. ಉಳಿದವರಿಗೆ ಪೆಟ್ಟು ಬೀಳುವುದು ಕೂಡುಲೆಕ್ಕದಲ್ಲಿ. ಅಂಡರ್‌ರೈಟರ್ (ಅರ್ಜಿಯ ಅಪಾಯ ಅಳೆಯುವ ಕಂಪನಿಯ ಅಧಿಕಾರಿ) ಸಾಮಾನ್ಯ ಅಪಾಯವನ್ನು 100 ಎಂದು ಹಿಡಿದು, ತೂಕಕ್ಕೆ ಇಷ್ಟು, ಬಿ.ಪಿ.ಗೆ ಇಷ್ಟು, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ) 5.7 ದಾಟಿದ್ದರೆ ಇಷ್ಟು, ತಂದೆ ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಇಷ್ಟು ಎಂದು ಸೇರಿಸುತ್ತಾ ಹೋಗುತ್ತಾರೆ. ಬೀಡಿ, ಸಿಗರೇಟು ಸೇದುವವರಿಗೆ ದರದ ಪಟ್ಟಿಯೇ ಬೇರೆ.

ಈ ಕೂಡುಲೆಕ್ಕದಲ್ಲಿ ಅನ್ಯಾಯವಾಗಿ ಸೇರಿಬಿಡುವ ಒಂದು ಅಂಕ ಬಿ.ಪಿ.ಯದು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಯಂತ್ರ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಭುಜ ಮತ್ತು ಮೊಣಕೈ ನಡುವಿನ ಸುತ್ತಳತೆ 32 ಸೆಂ.ಮೀ. ಮೀರಿದ್ದರೆ ಸಾಮಾನ್ಯ ಪಟ್ಟಿ ಸಾಲದು, ದೊಡ್ಡದೇ ಬೇಕು. ಮನೆಗೆ ಬರುವ ಟೆಕ್ನೀಶಿಯನ್ನರ ಚೀಲದಲ್ಲಿ ಅದು ಇಲ್ಲದಿರಬಹುದು. ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕೇಳಿ, ಇಲ್ಲವಾದರೆ ತಪಾಸಣಾ ಸೆಂಟರಿಗೇ ಹೋಗಿ. ಐದು ನಿಮಿಷ ಬೆನ್ನು ಆನಿಸಿ, ಕಾಲು ನೆಲಕ್ಕೆ ಊರಿ ಕೂತ ಮೇಲೆ ನೋಡಿಸಿ. ಮೊದಲ ರೀಡಿಂಗ್ ಹೆಚ್ಚು ಬಂದರೆ ಸ್ವಲ್ಪ ಬಿಟ್ಟು ಇನ್ನೊಮ್ಮೆ ನೋಡಲು ಹೇಳಿ, ಅದನ್ನೂ ರಿಪೋರ್ಟಿನಲ್ಲಿ ಬರೆಸಿ.

ತೂಕದ ಯಂತ್ರ ಚಾಪೆ, ಕಾರ್ಪೆಟ್ ಮೇಲೆ ಬೇಡ. ಗಟ್ಟಿ ನೆಲ ಬೇಕು. ಚಪ್ಪಲಿ, ಮೊಬೈಲು, ಬೀಗದ ಗೊಂಚಲು ಪಕ್ಕಕ್ಕಿಡಿ. ಎತ್ತರಕ್ಕೆ ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಂತು, ನೆತ್ತಿಯ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಅಡ್ಡ ಇಟ್ಟು ಪೆನ್ಸಿಲ್ ಗುರುತು ಹಾಕಬೇಕು. ತುರುಬು ಇದ್ದರೆ ಬಿಚ್ಚಿ. ಸೊಂಟದ ಅಳತೆ ಉಸಿರು ಬಿಟ್ಟಾಗ, ಹೊಕ್ಕುಳಿನ ಮಟ್ಟದಲ್ಲಿ. ಜಿಮ್‌ನಲ್ಲಿ ಮೈ ಕಟ್ಟಿದವರ ಬಿಎಂಐ 28 ಬಂದರೂ ಸೊಂಟ 84 ಇರಬಹುದು. ಆ ಅಳತೆಯೇ ಅವರ ಪರ ಮಾತಾಡುವುದು, ಖಾಲಿ ಬಿಡಬಾರದು. ರಕ್ತಕ್ಕೆ 10ರಿಂದ 12 ಗಂಟೆ ಉಪವಾಸ, ನೀರು ಕುಡಿಯಬಹುದು. ಮದುವೆ ಅಥವಾ ನೇಮದ (ಭೂತಕೋಲದ) ಊಟದ ಮರುದಿನ ಬೆಳಿಗ್ಗೆ ರಕ್ತ ಕೊಡಬೇಡಿ. ಕೋರಿರೊಟ್ಟಿ, ಮದ್ಯ ಎರಡೂ ಆದ ರಾತ್ರಿ ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ ಏರುವುದು ಸಹಜ.

"ನಾಲ್ಕು ಕೆ.ಜಿ. ಕಡಿಮೆ ಬರೆಯಿರಿ ಮಾರಾಯ್ರೆ, ಯಾರು ನೋಡ್ತಾರೆ?" ಎಂದು ಏಜೆಂಟರನ್ನು ಕೇಳುವವರಿದ್ದಾರೆ. ಫೋನಿನಲ್ಲೇ ಮೆಡಿಕಲ್ ಮುಗಿಯುವ ಪಾಲಿಸಿಗಳಲ್ಲಿ ಈ ಆಸೆ ಹೆಚ್ಚು, ಆದರೆ ಆ ಕರೆ ರೆಕಾರ್ಡ್ ಆಗಿರುತ್ತದೆ. ಮೊದಲ 3 ವರ್ಷಗಳೊಳಗೆ ಸಾವು ಸಂಭವಿಸಿದರೆ ಕಂಪನಿ ಆಸ್ಪತ್ರೆಯ ಕಡತ ತರಿಸುತ್ತದೆ. ದಾಖಲಾದ ದಿನದ ತೂಕ, ಹಳೆಯ ಬಿ.ಪಿ. ಮಾತ್ರೆ ಎಲ್ಲವೂ ಅದರಲ್ಲಿರುತ್ತದೆ. ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ 3 ವರ್ಷ ಕಳೆದ ಮೇಲೆ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ, ನಿಜ. ಆದರೆ ಪ್ರೀಮಿಯಂ ಕಟ್ಟದೆ ಲ್ಯಾಪ್ಸ್ ಆದ ಪಾಲಿಸಿಯನ್ನು ರಿವೈವ್ ಮಾಡಿದರೆ, ಅಂದರೆ ಮತ್ತೆ ಚಾಲ್ತಿಗೆ ತಂದರೆ, ಆ ಲೆಕ್ಕ ಮತ್ತೆ ಅಂದಿನಿಂದ ಶುರು. ಸುಳ್ಳು ಬರೆದವರು ಅಷ್ಟರಲ್ಲಿ ಇರುವುದಿಲ್ಲ, ಕಚೇರಿಯ ಮೆಟ್ಟಿಲು ಹತ್ತುವವಳು ಹೆಂಡತಿ.

ಒಂದು ವರ್ಷದಲ್ಲಿ ತೂಕ ಇಳಿದಿದ್ದರೆ ಕಾರಣವನ್ನೂ ಬರೆಯಿರಿ. "ದಿನಾ ನಡಿಗೆ, ರಾತ್ರಿ ಅನ್ನ ಬಿಟ್ಟು 7 ಕೆ.ಜಿ. ಇಳಿಕೆ" ಎಂದರೆ ವಿಷಯ ಅಲ್ಲಿಗೆ ಮುಗಿಯಿತು. ಕಾರಣವಿಲ್ಲದ 7 ಕೆ.ಜಿ. ಕಂಡರೆ ಸಕ್ಕರೆ ಕಾಯಿಲೆ, ಕ್ಷಯದ ಅನುಮಾನ ಬರುತ್ತದೆ.

ಆನ್‌ಲೈನಿನಲ್ಲಿ ಕಾಣುವ ಪ್ರೀಮಿಯಂ ಪೂರ್ಣ ಆರೋಗ್ಯವಂತರದ್ದು. 12,000 ರೂ. ತೋರಿಸಿದ್ದಕ್ಕೆ 25 ಶೇಕಡಾ ಲೋಡಿಂಗ್ (ಹೆಚ್ಚುವರಿ ಪ್ರೀಮಿಯಂ) ಬಿದ್ದರೆ 15,000. ಮೂವತ್ತು ವರ್ಷಕ್ಕೆ 90,000 ಹೆಚ್ಚು. ಕೆಲವು ಕಡೆ ಹೆಚ್ಚುವರಿಯನ್ನು ವಿಮಾ ಮೊತ್ತದ ಸಾವಿರಕ್ಕೆ ಇಷ್ಟು ಎಂದು ಹಾಕುತ್ತಾರೆ: ಸಾವಿರಕ್ಕೆ 2 ರೂ. ಎಂದರೆ 50 ಲಕ್ಷಕ್ಕೆ ವರ್ಷಕ್ಕೆ 10,000. ಕೇಳಲು ಸಣ್ಣದು, ಲೆಕ್ಕ ಹಾಕಿಯೇ ಒಪ್ಪಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆಗೆ ಜಿಎಸ್‌ಟಿ ಇಲ್ಲ. ಅದಕ್ಕೂ ಹಿಂದಿನ ಕೊಟೇಶನ್ ಜೊತೆ ಹೋಲಿಸಬೇಡಿ.

ತೂಕ ಇಳಿಸಿ ಆಮೇಲೆ ಮಾಡುವಾ ಎಂದು ಎರಡು ವರ್ಷ ದೂಡುವುದು ನಮ್ಮ ಮಟ್ಟಿಗೆ ಸರಿಯಲ್ಲ. ವಯಸ್ಸಿನ ದರ ಏರುತ್ತದೆ, ಅಷ್ಟು ದಿನ ಮನೆಯವರಿಗೆ ರಕ್ಷಣೆಯೂ ಇಲ್ಲ. ಲೋಡಿಂಗ್ ಭರಿಸುವಷ್ಟಿದ್ದರೆ ಈಗಲೇ ತೆಗೆದುಕೊಳ್ಳಿ. ಪಾಲಿಸಿ ಕೈಗೆ ಬಂದ 30 ದಿನಗಳೊಳಗೆ ಬೇಡವೆಂದು ಹಿಂದಿರುಗಿಸಲು ಅವಕಾಶ ಉಂಟು, ಮೆಡಿಕಲ್ ಮುಂತಾದ ಖರ್ಚು ಕಳೆಯುತ್ತಾರೆ. ಹೆಚ್ಚುವರಿ ಕೇಳುವ ಪತ್ರಕ್ಕೆ ಒಪ್ಪಿಗೆ ಕೊಟ್ಟು ವ್ಯತ್ಯಾಸದ ಹಣ ಕಟ್ಟುವವರೆಗೆ ವಿಮೆ ಶುರುವಾಗುವುದಿಲ್ಲ. ಗಲ್ಫಿನಿಂದ ಒಂದು ತಿಂಗಳ ರಜೆಗೆ ಬಂದವರು ಮೆಡಿಕಲ್ ಅನ್ನು ಮೊದಲ ವಾರವೇ ಮುಗಿಸಬೇಕು. ಎರಡನೇ ರಕ್ತಪರೀಕ್ಷೆ ಕೇಳಿದಾಗ ಮಂಗಳೂರಿನ ಬಜ್ಪೆ ನಿಲ್ದಾಣದಿಂದ ವಿಮಾನ ಹೊರಟಿರಬಾರದು.