ಹಳೇ ಪುಟದಲ್ಲಿ ಹೊಸ ಮಾತು

ಒಂದು ಹಳೇ ಕಾದಂಬರಿಯ ಪುಟಗಳಿಗೆ ಬಣ್ಣ ಹಚ್ಚಿ, ಕೆಲವೇ ಪದ ಉಳಿಸಿ ಹೊಸ ಮಾತು ಹೊಮ್ಮಿಸುತ್ತಾ ಕೂತಿದ್ದೇನೆ. ಮೊದಲು ಬೇಕಾದ ಪದಗಳ ಸುತ್ತ ಪೆನ್ಸಿಲ್ ಗೆರೆ. ಈ ಪುಟದಲ್ಲಿ ‘ಮಳೆ’, ‘ಕಾಗದ’, ‘ಬರಲಿಲ್ಲ’ ಇಷ್ಟೇ ಉಳಿದವು. ಮಿಕ್ಕಿದ್ದರ ಮೇಲೆ ತೆಳುವಾಗಿ ಗೆಸ್ಸೋ, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಲೇಪ. ಜಾಸ್ತಿಯಾದರೆ ಹಾಳೆ ಸುಕ್ಕಾಗುತ್ತದೆ. ನಡುನಡುವೆ ಕೆಲವು ಹಾಳೆಗಳನ್ನು ಕತ್ತರಿಸಿ ತೆಗೆಯಲೇಬೇಕು, ಇಲ್ಲದಿದ್ದರೆ ಬಣ್ಣ, ಅಂಟಿಸಿದ ಚೂರುಗಳು ಎಲ್ಲ ಸೇರಿ ಪುಸ್ತಕ ಉಬ್ಬಿ ಬೆನ್ನು ಬಿರಿಯುತ್ತದೆ.

ಸುಮ್ನೆ ಪುಸ್ತಕ ಹಾಳು ಮಾಡೋದ್ಯಾಕೆ ಅಂತ ಕೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬ್ರಿಟಿಷ್ ಕಲಾವಿದ ಟಾಮ್ ಫಿಲಿಪ್ಸ್ 1966ರಲ್ಲಿ ಒಂದು ಹಳೇ ಕಾದಂಬರಿ ಕೊಂಡರು. ಅದು 1892ರದ್ದು. ಅದರ ಒಂದೊಂದೇ ಪುಟವನ್ನು ಚಿತ್ರವಾಗಿಸುತ್ತಾ ಹೋದರು. ಹೀಗೆ ಮಾಡಿದ ಪುಸ್ತಕದ ಕೊನೆಯ ಆವೃತ್ತಿ ಬಂದದ್ದು 2016ರಲ್ಲಿ. ಒಂದೇ ಪುಸ್ತಕದ ಜೊತೆ 50 ವರ್ಷ! ಅಷ್ಟು ಪ್ರೀತಿಯಿಂದ ಅದನ್ನು ಬೇರೆ ಯಾರು ಓದಿದ್ದಾರು, ಅಲ್ವಾ?