ಮೊದಲು ಮನೆ, ಆಮೇಲೆ ಕಟ್ಟಡ

ಕಾಲೇಜಿನ ಪತ್ರಿಕೆಗೆ ಬರೆಯಿರಿ ಅಂದರೆ ನಮ್ಮ ಬ್ಯಾಚಿನವರೆಲ್ಲ ಹಾಸ್ಟೆಲ್ ಸಾರಿನ ಬಗ್ಗೆಯೇ ಬರೆಯುತ್ತಾರೆ. ನಾನು ನರ್ಸಿಂಗ್ ಓದುವಾಗ ಪೋಸ್ಟಿಂಗ್‌ಗೆ ಹೋಗಿದ್ದ ಕರುಣಾಶ್ರಯದ ಬಗ್ಗೆ ಬರೆಯುತ್ತೇನೆ. ವಾಸಿಯಾಗದ ಕ್ಯಾನ್ಸರ್ ಇರುವವರನ್ನು ಕೊನೆಯವರೆಗೆ ನೋಡಿಕೊಳ್ಳುವ ಹಾಸ್ಪೈಸ್ ಅದು.

ಬೆಂಗಳೂರಿನ ಮಾರತ್ತಹಳ್ಳಿ ಕಡೆ ಇರುವ ಈ ಜಾಗವನ್ನು ನೋಡಿದವರು ಮೊದಲು ಹೊಗಳುವುದು ಕಟ್ಟಡವನ್ನು. ವಾಸ್ತುಶಿಲ್ಪಿ ಸಂಜಯ್ ಮೋಹೆ ಅವರ ವಿನ್ಯಾಸ. ಮಧ್ಯೆ ನೀರು, ಸುತ್ತ ಹಸಿರು. "ಏನೇ ಇದು, ರೆಸಾರ್ಟಾ?" ಅಂದಿದ್ದಳು ನನ್ನ ಗೆಳತಿ. ಆದರೆ ಕರುಣಾಶ್ರಯ ಶುರುವಾಗಿದ್ದು ಕಟ್ಟಡದಿಂದ ಅಲ್ಲ.

ಕ್ಯಾನ್ಸರ್ ವಾಸಿಯಾಗುವ ಹಂತ ದಾಟಿದ ಮೇಲೆ ರೋಗಿಯನ್ನು ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ? ಈ ಪ್ರಶ್ನೆ ಹಿಡಿದು 1994ರಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಕ್ಲಬ್ ಸೇರಿ, ಕರುಣಾಶ್ರಯವನ್ನು ನಡೆಸುವ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಕಟ್ಟಿದವು. ಮುಂದೆ ನಿಂತವರು ಕಿಶೋರ್ ರಾವ್. 1995ರಲ್ಲಿ ತಂಡಗಳು ರೋಗಿಗಳ ಮನೆಗೇ ಹೋಗತೊಡಗಿದವು. ಹಾಸಿಗೆಗಳಿರುವ ಆಶ್ರಯ ತೆರೆದಿದ್ದು 1999ರಲ್ಲಿ. ಅಂದಿನಿಂದ ಇಂದಿನವರೆಗೂ ರೋಗಿಗಳಿಂದ ಒಂದು ಪೈಸೆ ತೆಗೆದುಕೊಂಡಿಲ್ಲ.

ಆ ಮನೆ ಭೇಟಿಗೆ ನಮ್ಮನ್ನೂ ಕರೆದುಕೊಂಡು ಹೋಗುತ್ತಿದ್ದರು. ಒಂದು ಮನೆಯ ಅಜ್ಜಿಗೆ ಸ್ತನ ಕ್ಯಾನ್ಸರ್, ಗಾಯ ಒಡೆದಿತ್ತು. ವಾಸನೆಗೆ ಮೊಮ್ಮಕ್ಕಳು ಆ ಕೋಣೆಗೆ ಬರುತ್ತಿರಲಿಲ್ಲ. ಅಜ್ಜಿಗೆ ನೋವಿಗಿಂತ ಅದೇ ಜಾಸ್ತಿ ಸಂಕಟ. ಸಿಸ್ಟರ್ ಗಾಯ ತೊಳೆದು, ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾ ಕೊಲ್ಲುವ ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಉದುರಿಸಿ, ಡ್ರೆಸ್ಸಿಂಗ್ ಹಾಕಿದರು. ಸೊಸೆಗೂ ಕಲಿಸಿದರು. ಮುಂದಿನ ಭೇಟಿಗೆ ಹೋದಾಗ ಚಿಕ್ಕ ಮೊಮ್ಮಗ ಅಜ್ಜಿಯ ಮಂಚದ ಮೇಲೆಯೇ ಕೂತು ಚಕ್ಕುಲಿ ತಿನ್ನುತ್ತಿದ್ದ. ಕೆಲವು ರೂಪಾಯಿಯ ಮಾತ್ರೆ! ನಮಗೆ ತರಗತಿಯಲ್ಲಿ ಅದರ ಡೋಸು, ಅಡ್ಡಪರಿಣಾಮ ಎಲ್ಲ ಬಾಯಿಪಾಠ ಆಗಿತ್ತು. ಈ ಉಪಯೋಗ ಮಾತ್ರ ಗೊತ್ತಿರಲಿಲ್ಲ.

ಅಫೀಮಿನಿಂದ ಬರುವ ಬಲವಾದ ನೋವು ನಿವಾರಕ ಮಾರ್ಫಿನ್ ಕಥೆ ಬೇರೆ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸುಗಳ ತಾಪತ್ರಯಕ್ಕೆ ಎಷ್ಟೋ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟವು. 2014ರ ತಿದ್ದುಪಡಿ ನಿಯಮ ಸಡಿಲಿಸಿತು. ಭಯ ಮಾತ್ರ ಇನ್ನೂ ಹೋಗಿಲ್ಲ. "ಚಟ ಹತ್ತುತ್ತಾ ಸಿಸ್ಟರ್?" ಅಂತ ಮನೆಯವರು ಕೇಳುತ್ತಿದ್ದರು. ಜೀವ ಹಿಂಡುವ ನೋವಿರುವವರಿಗೆ ಅಳತೆ ನೋಡಿ, ನಾಲ್ಕು ಗಂಟೆಗೊಮ್ಮೆ ಬಾಯಿಗೆ ಕೊಡುವ ಔಷಧ ಅದು. ಇದನ್ನು ಕೂತು, ನಿಧಾನವಾಗಿ, ಅವರ ಅಡುಗೆಮನೆ ಬಾಗಿಲಲ್ಲೇ ವಿವರಿಸಬೇಕಿತ್ತು. ವಾರ್ಡಿನಲ್ಲಿ ಇಷ್ಟು ಪುರುಸೊತ್ತು ಯಾರಿಗಿರುತ್ತೆ?

ಈಗ ಓದುತ್ತಿರುವ ಜೂನಿಯರ್‌ಗಳೇ, ಅಲ್ಲಿಗೆ ಪೋಸ್ಟಿಂಗ್ ಸಿಕ್ಕರೆ ಕೊಳದ ಮುಂದೆ ಫೋಟೊ ತೆಗೆಸಿಕೊಳ್ಳಿ, ಬೇಡ ಅನ್ನಲ್ಲ. ಆಮೇಲೆ ಹೋಮ್ ಕೇರ್ ಗಾಡಿಯಲ್ಲಿ ಒಂದು ಸೀಟು ಕೇಳಿ.