ಬ್ಯಾರೆಲ್ ಕೂರಿಸೋವಾಗ ನಾಲ್ಕು ಥೌ ಲೆಕ್ಕ

ನಮ್ಮಕ್ಕನ ಮಗ ಟೆಕ್ಸಾಸ್‌ನಾಗೆ ಇದಾನೆ, ರೈಫಲ್ ಹುಚ್ಚು ಜಾಸ್ತಿ. ಅಲ್ಲಿ ಬ್ಯಾರೆಲ್, ಅಂದ್ರೆ ನಳಿಗೆ, ತರಿಸ್ಕೊಂಡು ಮನೆ ಗ್ಯಾರೇಜ್‌ನಾಗೇ ಹಾಕ್ಕೋತಾರೆ, ಕೇಳೋರಿಲ್ಲ. ಹಳೇ ಸ್ಯಾವೇಜ್ 110 ರೈಫಲ್‌ಗೆ .308 ಅನ್ನೋ ಅಳತೆ ಗುಂಡಿನ ಹೊಸ ಬ್ಯಾರೆಲ್ ಹಾಕೋವಾಗ "ಮಾಮ, ನೀವ್ ಸ್ವಲ್ಪ ಲೈನ್‌ನಾಗೆ ಇರ್ರಿ" ಅಂತ ವಿಡಿಯೋ ಕಾಲ್ ಮಾಡಿದ. ನಾನು ದಾವಣಗೆರೆ ಕರೂರು ಇಂಡಸ್ಟ್ರಿಯಲ್ ಏರಿಯಾದಾಗೆ ಲೇತ್ ಮುಂದೆ ನಿಂತೋನು, ಬಂದೂಕು ನನ್ನ ಕಸುಬಲ್ಲ, ಆದ್ರೆ ಥ್ರೆಡ್ಡು ಗೇಜು ಅಂದ್ರೆ ಬಿಡೋಕಾಗಲ್ಲ ನೋಡ್ರಿ.

ಬ್ಯಾರೆಲ್ ಹಾಕೋವಾಗ ಸರಿಯಾಗಿ ಹೊಂದಿಸಬೇಕಾದ್ದು ಹೆಡ್‌ಸ್ಪೇಸ್. ಹೆಡ್‌ಸ್ಪೇಸ್ ಅಂದ್ರೆ ಇಷ್ಟೇ, ನಳಿಗೆ ಹಿಂಬದಿ ಮುಚ್ಚೋ ಬೋಲ್ಟ್ ಲಾಕ್ ಆದ್ಮೇಲೆ ಬೋಲ್ಟ್ ಮುಖದಿಂದ ಹಿಡ್ದು, ಕಾಟ್ರಿಜ್ (ತೋಟಾ) ಮುಂದಕ್ಕೆ ಹೋಗದಂಗೆ ಅದು ಕೂರೋ ಗೂಡು, ಅಂದ್ರೆ ಚೇಂಬರ್, ಎಲ್ಲಿ ತಡೀತೈತೋ ಅಲ್ಲೀತನಕ ಇರೋ ಅಂತರ. .308ನಾಗೆ ತಡೆಯೋದು ಕೇಸಿನ (ತೋಟಾದ ಹಿತ್ತಾಳೆ ಕವಚದ) ಭುಜ, .303ನಾಗೆ ಹಿಂದಿನ ರಿಮ್ಮು, ಅಂದ್ರೆ ಅಂಚು, .45 ಪಿಸ್ತೂಲಿನಾಗೆ ಕೇಸಿನ ಬಾಯಿ. ಈ ಅಂತರ ಕಮ್ಮಿ ಆದ್ರೆ ಬೋಲ್ಟ್ ಮುಚ್ಚಲ್ಲ, ಅಷ್ಟಕ್ಕೆ ಮುಗೀತು. ಜಾಸ್ತಿ ಆದ್ರೇ ತಾಪತ್ರಯ. .308ರ ಗರಿಷ್ಠ ಒತ್ತಡ 62,000 ಪಿಎಸ್‌ಐ, ಆ ಒತ್ತಡಕ್ಕೆ ಕೇಸಿನ ಮುಂಭಾಗ ಚೇಂಬರ್ ಗೋಡೆಗೆ ಕಚ್ಕೊಂಡು ಬಿಡ್ತೈತೆ, ಹಿಂಭಾಗ ಬೋಲ್ಟಿನ ಕಡೆ ಜರುಗ್ತೈತೆ, ನಡುವೆ ಹಿತ್ತಾಳೆ ಎಳೆದು ತೆಳ್ಳಗಾಗ್ತೈತೆ. ಕೇಸಿನ ಬುಡದಿಂದ ಸ್ವಲ್ಪ ಮೇಲೆ ಹೊಳೆಯೋ ಉಂಗುರದಂಗೆ ಗೆರೆ ಕಾಣಿಸಿದ್ರೆ ಅದೇ ಜಾಗ. ಅದೇ ಕೇಸನ್ನ ಮತ್ತೆ ತುಂಬಿ ಹೊಡೀತಾ ಹೋದ್ರೆ ಅಲ್ಲೇ ಕಿತ್ತು ಎರಡು ತುಂಡು, ಗ್ಯಾಸ್ ಹಿಂದಕ್ಕೆ ಬರ್ತೈತೆ, ಹಿಂದೆ ಇರೋದು ನಮ್ಮ ಮುಖ.

ಅಳತೆಗೆ ಕಾಟ್ರಿಜ್ ಬದಲು ಚೇಂಬರ್‌ನಾಗೆ ಹಾಕಿ ನೋಡೋ ಗೇಜ್ ಬರ್ತಾವೆ. .308ಕ್ಕೆ ಗೋ ಗೇಜ್ 1.630 ಇಂಚು, ನೋ-ಗೋ 1.634. ಗೋ ಮೇಲೆ ಬೋಲ್ಟ್ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು, ನಡುವೆ ಇರೋದು ನಾಲ್ಕು ಥೌ, ಅಂದ್ರೆ ಇಂಚಿನ ಸಾವಿರದಾಗೆ ನಾಲ್ಕು ಪಾಲು. ಸ್ಯಾವೇಜ್ ಥ್ರೆಡ್ ಇಂಚಿಗೆ 20, ಅಂದ್ರೆ ಒಂದು ಸುತ್ತಿಗೆ ಬ್ಯಾರೆಲ್ 50 ಥೌ ಸರೀತೈತೆ, ಹಂಗಾದ್ರೆ ನಾಲ್ಕು ಥೌ ಅಂದ್ರೆ ಸುಮಾರು 29 ಡಿಗ್ರಿ, ಗಡಿಯಾರದ ದೊಡ್ಡ ಮುಳ್ಳು ಐದು ನಿಮಿಷ ಓಡಿದಷ್ಟೂ ಇಲ್ಲ. ಇದನ್ನ ಕೈ ಅಂದಾಜಿನಾಗೆ ಬಿಗಿದು ನೋಡ್ತೀನಿ ಅನ್ನೋರಿಗೆ ಏನ್ ಹೇಳೋಣ.

ನಮ್ಮ ಹುಡುಗ ಬೋಲ್ಟ್ ಹಂಗೇ ಇಟ್ಟು ಗೇಜ್ ಹಾಕಿದ್ದ, ಖಾಲಿ ಕೇಸ್ ಹೊರಗೆ ಚಿಮ್ಮಿಸೋ ಎಜೆಕ್ಟರ್ ಸ್ಪ್ರಿಂಗ್ ಗೇಜನ್ನ ತಳ್ತಾ ಇತ್ತು. "ಎಜೆಕ್ಟರ್, ಎಕ್ಸ್‌ಟ್ರಾಕ್ಟರ್, ಫೈರಿಂಗ್ ಪಿನ್ ಎಲ್ಲ ಬಿಚ್ಚೋ ಮೊದ್ಲು" ಅಂದೆ. ಬಿಚ್ಚಿದ್ಮೇಲೆ ನೋಡಬೇಕಿತ್ತು, ಗೋ ಗೇಜ್ ಮೇಲೆ ಹ್ಯಾಂಡಲ್ ತನ್ನ ಭಾರಕ್ಕೇ ಕೆಳಗೆ ಬೀಳ್ತು, ನೋ-ಗೋ ಹಾಕಿದ್ರೆ ಅರ್ಧಕ್ಕೇ ನಿಂತು ಹೋಯ್ತು. ಒಂದು ಬೆರಳಲ್ಲಿ ಮುಟ್ಟಬೇಕು ಅಷ್ಟೇ, ಜೋರು ಮಾಡಿದ್ರೆ ಗೇಜ್‌ಗೂ ಪೆಟ್ಟು ಚೇಂಬರ್‌ಗೂ ಪೆಟ್ಟು.

ಸ್ಯಾವೇಜ್‌ನಾಗೆ ಸಲೀಸು ಏನಂದ್ರೆ ಬ್ಯಾರೆಲ್ ನಟ್ ಇರ್ತೈತೆ. ಗೋ ಗೇಜ್ ಒಳಗಿಟ್ಟು, ಬೋಲ್ಟ್ ಮುಚ್ಚಿ, ಬ್ಯಾರೆಲ್ ತಿರುಗಿಸ್ತಾ ಗೇಜ್‌ಗೆ ತಾಗೋತನಕ ತಂದು, ಅಲ್ಲೇ ಹಿಡ್ಕೊಂಡು ನಟ್ ಬಿಗಿಯೋದು. ಆದ್ರೆ ನಟ್ ಬಿಗಿದಾಗ ಥ್ರೆಡ್ಡಿನ ಸಡಿಲ ಎಲ್ಲ ಎಳ್ಕೊಂಡು ಬ್ಯಾರೆಲ್ ಒಂಚೂರು ಮುಂದಕ್ಕೆ ಹೋಗ್ತೈತೆ, ಅದಕ್ಕೇ ಬಿಗಿದ್ಮೇಲೆ ಎರಡೂ ಗೇಜ್ ಮತ್ತೆ ಹಾಕ್ಲೇಬೇಕು. ಸಡಿಲ ಎಷ್ಟೈತೆ ಅಂತ ನೋಡೋಕೆ ಇವನು ಗೋ ಗೇಜ್ ಹಿಂದೆ ಒಂದು ಪದರ ಸೆಲ್ಲೋ ಟೇಪ್ ಅಂಟಿಸಿದ, ಬೋಲ್ಟ್ ಮುಚ್ಚಲಿಲ್ಲ. ನಮ್ಮ ಶಾಪ್‌ನ ಟೇಪ್ ಮೈಕ್ರೋಮೀಟರ್‌ಗೆ ಹಿಡ್ದೆ, ಎರಡು ಥೌ ಹತ್ರ ಬಂತು, ಅವನ ಟೇಪೂ ಅಷ್ಟೇ ದಪ್ಪ ಇದ್ರೆ ಸಡಿಲ ಎರಡು ಥೌ ಒಳಗೇ ಐತೆ ಅಂತ ಲೆಕ್ಕ.

ರೆಮಿಂಗ್ಟನ್ 700 ತರದ್ದಕ್ಕೆ ನಟ್ ಇಲ್ಲ, ಬ್ಯಾರೆಲ್ಲಿಗೇ ಶೋಲ್ಡರ್ (ಮೆಟ್ಟಿಲು) ಇರ್ತೈತೆ, ಅಲ್ಲಿ ಹೆಚ್ಚಾಗಿ ಲೇತ್ ಬೇಕಾಗ್ತೈತೆ. ಚೇಂಬರ್ ಬೇಕಂತ್ಲೇ ಸ್ವಲ್ಪ ಗಿಡ್ಡ ಬಿಟ್ಟು, ತೂತನ್ನ ಅಳತೆಗೆ ಕೊರೆಯೋ ರೀಮರ್‌ನಾಗೆ ಒಂದೊಂದು ಥೌ ತೆಗೀತಾ ಗೇಜ್ ಹಾಕ್ತಾ ಹೋಗೋದು, ಆಳ ಜಾಸ್ತಿ ಆಯ್ತೋ ಶೋಲ್ಡರ್ ಮುಖ ಕತ್ತರಿಸಿ ಬ್ಯಾರೆಲ್ಲನ್ನ ಬೋಲ್ಟಿನ ಕಡೆ ಹಿಂದಕ್ಕೆ ತರಬೇಕು. ನನಗೆ ಈ ಕೆಲಸನೇ ಇಷ್ಟ, ನಟ್ ಇದ್ದೋನಿಗೆ ಇದರ ಮಜಾ ಗೊತ್ತಾಗಲ್ಲ ಬಿಡ್ರಿ.

.303 ಲೀ-ಎನ್‌ಫೀಲ್ಡ್‌ನೋರು ಮಾಡಿದ ಉಪಾಯ ಇನ್ನೂ ಚೆಂದ. ನಂಬರ್ 4 ರೈಫಲ್‌ಗೆ ಬೋಲ್ಟ್ ತಲೆ ಬೇರೆ, ಅದರ ಮೇಲೆ 0, 1, 2, 3 ಅಂತ ಹೊಡೆದಿರ್ತಾರೆ, ನಂಬರ್ ಏರಿದಂಗೆ ಉದ್ದ ಏರ್ತೈತೆ, ಸವೆದು ಅಂತರ ಜಾಸ್ತಿ ಆದ್ರೆ ತಲೆ ಬದಲಾಯಿಸಿದ್ರೆ ಸಾಕು, ಬ್ಯಾರೆಲ್ ಮುಟ್ಟೋ ಹಂಗೇ ಇಲ್ಲ.

ಇದನ್ನೆಲ್ಲ ಓದಿ ಯಾರಾದ್ರೂ ಟೂಲ್ ಹುಡುಕ್ಬ್ಯಾಡ್ರಿ. ನಮ್ಮಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ಬಂದೂಕು ರಿಪೇರಿ ಮಾಡೋಕೂ ಬೇರೆ ಲೈಸೆನ್ಸ್ ಬೇಕು, ಬಂದೂಕಿನ ಲೈಸೆನ್ಸ್ ಇದ್ರೆ ಸಾಲಲ್ಲ. ಚನ್ನಗಿರಿ ಕಡೆಯಿಂದ ಒಬ್ರು ಯಜಮಾನ್ರು ಬೆಳೆ ಕಾಯೋ ಹಳೇ 12 ಬೋರ್ ಜೋಡಿ ನಳಿಗೆ ತಂದಿದ್ರು, ಹಿಂಜ್ ಸವೆದು ಮುಚ್ಚಿದ್ಮೇಲೂ ನಳಿಗೆ ಅಲ್ಲಾಡ್ತಿತ್ತು, ಬೆಳಕಿಗೆ ಹಿಡಿದ್ರೆ ನಳಿಗೆಗೂ ಹಿಂದಿನ ಗೋಡೆಗೂ ನಡುವೆ ಸಂದಿ ಕಾಣೋದು. "ಒಂದು ತಗಡು ಇಟ್ಟು ಬೆಸುಗೆ ಹಾಕ್ಕೊಡಪ್ಪ" ಅಂದ್ರು. ಅದೂ ಹೆಡ್‌ಸ್ಪೇಸ್ ತಕರಾರೇ, ರಿಮ್ಮಿನ ಹಿಂದೆ ಜಾಗ ಬಿಟ್ಟೈತೆ. ಟೀ ತರಿಸಿ ಕುಡಿಸಿ, ಇದರಾಗೆ ಇನ್ನ ಒಂದು ಗುಂಡೂ ಹಾರಿಸ್ಬ್ಯಾಡ್ರಿ ಗೌಡ್ರೇ, ಲೈಸೆನ್ಸ್ ಇರೋ ಗನ್‌ಸ್ಮಿತ್ ಹತ್ರನೇ ತೋರಿಸ್ರಿ ಅಂತ ಕಳಿಸ್ದೆ. ಮುಖ ಸಣ್ಣ ಮಾಡ್ಕೊಂಡು ಹೋದ್ರು, ಇನ್ನೊಂದು ಲೇತ್ ಶಾಪ್ ಎಲ್ಲೈತೆ ಅಂತ ನಮ್ಮ ಹುಡುಗ್ರನ್ನೇ ಕೇಳ್ತಾ.